ಹಸಿರು ಮನೆಗೆ ಹತ್ತಿದ ಧೂಳು

ಹಳೆಯ ಮನೆ ಕೆಡವಿದವನ ಕೂಲಿ ಇನ್ನೂ ಬಾಕಿಯಿತ್ತು. ಅದಕ್ಕೇ ಅವನು ಬೆಳಗ್ಗೆಯಿಂದ ಹೊಸ ಮನೆಯ ಮೆಟ್ಟಿಲ ಮೇಲೆ ಧರಣಿ ಕೂತಿದ್ದ. ಧರಣಿ ಕೂರುವ ವಿದ್ಯೆಯನ್ನು ಅವನಿಗೆ ಕಲಿಸಿದವರು ಮನೆಯ ಯಜಮಾನರೇ. ಅರ್ಧ ಆಯುಷ್ಯವನ್ನು ಕಾರ್ಖಾನೆಗಳ ಗೇಟಿನ ಮುಂದೆ ಕಳೆದು, ಜನರಿಂದ 'ಧಿಕ್ಕಾರಪ್ಪ' ಎಂಬ ಬಿರುದು ಪಡೆದವರು.

ಇವತ್ತು ಧಿಕ್ಕಾರಪ್ಪನವರಿಗೆ ಅವನತ್ತ ನೋಡಲು ಪುರಸೊತ್ತಿಲ್ಲ. ಮನೆ ಪರಿಸರಕ್ಕೆ ಎಷ್ಟು ಭಾರ ಎಂದು ಅದರ ಹುಟ್ಟಿನಿಂದ ಸಾವಿನವರೆಗೆ ಅಳೆಯುವ ತಜ್ಞೆ ಬರುವವಳಿದ್ದಳು. ಅವಳು ಒಪ್ಪಿದರೆ ಗೇಟಿಗೆ 'ಹಸಿರು ಮನೆ' ಫಲಕ. ಪಡೆದೇ ತೀರುವೆನೆಂದು ಅವರು ಪಟ್ಟು ಹಿಡಿದಿದ್ದರು. (ಮೊಳೆ ಆಗಲೇ ಹೊಡೆದಾಗಿತ್ತು.)

ತಜ್ಞೆ ಬಂದವಳೇ ಇಟ್ಟಿಗೆ ಎಲ್ಲಿ ಸುಟ್ಟದ್ದು, ಲಾರಿ ಎಷ್ಟು ದೂರದಿಂದ ಬಂತು, ಕರೆಂಟು ಎಷ್ಟು ಬೇಕು ಎಂದೆಲ್ಲ ಕೇಳಿದಳು.

"ಸುಟ್ಟದ್ದೇ ಅಲ್ಲ, ಹಸಿ ಮಣ್ಣಿನಿಟ್ಟಿಗೆ. ಬಿಸಿಲಿಂದಲೇ ದೀಪ, ಬಿಸಿಲಿಂದಲೇ ಬಿಸಿನೀರು," ಎಂದರು ಧಿಕ್ಕಾರಪ್ಪ ಭಾಷಣದ ಗತ್ತಿನಲ್ಲಿ.

"ಇಲ್ಲಿ ಮೊದಲು ಏನಿತ್ತು ಸರ್?"

"ಬಯಲು."

ಹೆಂಡತಿ ಕೆಮ್ಮಿದಳು. "ಹಾಗಾದ್ರೆ ಮೂರು ಮಕ್ಕಳನ್ನೂ ನಾನು ಬಯಲಲ್ಲೇ ಸಾಕಿದ್ನಾ?"

"ನೀನು ಸುಮ್ನಿರು."

ಮೆಟ್ಟಿಲ ಕಡೆಯಿಂದ ದನಿ ಬಂತು. "ಬಯಲಾದ್ರೆ ನಾನು ಕೆಡವಿದ್ದು ಏನಣ್ಣ? ಹಾರೆ ಮುರೀತು, ಗೋಡೆ ಜಗ್ಗಲಿಲ್ಲ."

ತಜ್ಞೆ ಮತ್ತೆ ಮೊದಲಿಂದ ಲೆಕ್ಕ ಹಾಕಿದಳು. "ಗಟ್ಟಿ ಮನೆ ಕೆಡವಿದ್ದೂ ಈ ಮನೆ ತಲೆ ಮೇಲೇ ಬರುತ್ತೆ ಸರ್. ಆ ಭಾರ ತೀರಬೇಕಂದ್ರೆ ನಿಮ್ಮ ಮೊಮ್ಮಕ್ಕಳು ಮುದುಕರಾಗೋವರೆಗೂ ಇದು ಹೀಗೇ ನಿಂತಿರಬೇಕು. ಏನನ್ನೂ ಕಿತ್ತು ಹೊಸದು ಹಾಕೋ ಹಾಗಿಲ್ಲ. ಫಲಕ ಆಮೇಲೆ ನೋಡೋಣ."

"ಹೀಗೇ ನಿಲ್ಲಿಸ್ತೀನಿ," ಧಿಕ್ಕಾರಪ್ಪನವರ ಮುಷ್ಟಿ ತಾನಾಗಿ ಮೇಲೆದ್ದಿತು. "ಇದನ್ನ ಮುಟ್ಟೋರು ನನ್ನ ಹೆಣ ದಾಟಿ ಹೋಗಬೇಕು."

ಹೆಂಡತಿ ಪರ್ಸು ತಂದು ಕೆಡವಿದವನ ಕೈಗೆ ಕೂಲಿ ಇಟ್ಟಳು. "ತಗೊಳಪ್ಪ, ಬಾಯಿ ಬಿಟ್ಟಿದ್ದಕ್ಕೂ ಸೇರಿಸಿದ್ದೀನಿ." ಆಮೇಲೆ ಗಂಡನ ಕಡೆ ತಿರುಗಿದಳು. "ಅಂದ್ರೆ ಚಾವಣಿ ಮೇಲಿನ ಹುಲ್ಲುಹಾಸನ್ನೂ ಕೀಳಿಸಲ್ಲ ಅನ್ನಿ."

"ಒಂದು ಎಸಳೂ ಕೀಳಲ್ಲ."

"ಆಗಲಿ. ಅದರ ಕೆಳಗಿರೋ ಮಂಚ ನಿಮ್ಮದೇ."

ಆ ಹುಲ್ಲಿಗೆ ಹಾಕಿದ ನೀರೆಲ್ಲ ಸೋರುವುದು ನೇರ ಮಂಚಕ್ಕೆ. ಕಿತ್ತು ಸರಿಮಾಡಿಸಿದರೆ ಭಾರ ಏರುತ್ತದೆ. ನೀರು ನಿಲ್ಲಿಸಿದರೆ ಹುಲ್ಲು ಒಣಗಿ ಮನೆ ಕಾದ ಬಾಣಲೆಯಾಗುತ್ತದೆ. (ಸ್ವಂತ ಚಾವಣಿಗೆ ಧಿಕ್ಕಾರ ಕೂಗುವುದಾದರೂ ಹೇಗೆ?) ಧಿಕ್ಕಾರಪ್ಪನವರು ಈಗ ಟೊಂಕ ಕಟ್ಟಿ, ಸೋರದ ಜಾಗ ಹುಡುಕುತ್ತ ಮಂಚವನ್ನು ಮೂಲೆಯಿಂದ ಮೂಲೆಗೆ ಎಳೆಯುತ್ತಿದ್ದಾರೆ. ಗಟ್ಟಿ ಮನೆ ಕೆಡವಿ ಹಸಿರು ಮನೆ ಕಟ್ಟಲು ಹೊರಟಿರುವ ಮಹಾನುಭಾವರೇ, ಹಾರೆ ಅಲ್ಲೇ ಬಿಟ್ಟು ಬನ್ನಿ. ಈ ಮಂಚದ ಇನ್ನೊಂದು ತುದಿ ಹಿಡಿಯಿರಿ.