ಗಿರಿಜಾಬಾಯಿಯ ಒಂದೂವರೆ ಪುಟದ ವಾಕ್ಯ

ಇಂಗ್ಲಿಷ್ ಮಾಸ್ತರ ದುಂಡೇಶರ ತಲೆ ಕೆಡಲು ಆ ಸೋಮವಾರ ಒಂದು ವಾಕ್ಯ ಸಾಕಾಯಿತು.

ಹಳಿಯಾಳ ತಾಲೂಕಿನ ಅವರ ಹೈಸ್ಕೂಲು ನಡೆಸುವ ಸಂಸ್ಥೆಗೆ ವರ್ಷಕ್ಕೊಮ್ಮೆ ಇಂಗ್ಲಿಷಿನಲ್ಲಿ ವರದಿ ಹೋಗಬೇಕು. ಮುಖ್ಯೋಪಾಧ್ಯಾಯಿನಿ ಗಿರಿಜಾಬಾಯಿ ಬರೆದಿಟ್ಟು ಮೀಟಿಂಗಿಗೆ ಹೋಗಿದ್ದರು. ಗುಮಾಸ್ತ ಸುಭಾನಿ ಅದನ್ನು ಈಮೇಲ್ ಮಾಡುವಷ್ಟರಲ್ಲಿ ದುಂಡೇಶ ಕಂಪ್ಯೂಟರಿನೊಳಗೆ ಇಣುಕಿದರು. ಒಂದೂವರೆ ಪುಟ, ಒಂದೇ ವಾಕ್ಯ! ಅಣಶಿ ಘಟ್ಟದಲ್ಲಿ ಬ್ರೇಕ್ ಹೋದ ಲಾರಿಯಂತೆ ಅದು ಕಟ್ಟಡ, ಶೌಚಾಲಯ, ಮಕ್ಕಳು, ಮಾಸ್ತರರು ಎಲ್ಲವನ್ನೂ ಗುದ್ದಿಕೊಂಡು ಓಡಿತ್ತು.

"ಉಸಿರು ಎಲ್ಲಿ ತಗೊಳ್ಳೂದೋ ಸುಭಾನಿ? ದ ಸ್ಕೂಲ್ ಈಸ್ ಓಲ್ಡ್ ದ ರೂಫ್ ಈಸ್ ಲೀಕಿಂಗ್ ದ ಚಿಲ್ಡ್ರನ್ ಆರ್ ಹ್ಯಾಪಿ! ಮೂರೂ ಪೂರ್ತಿ ವಾಕ್ಯ. ನಡುವ ಫುಲ್‌ಸ್ಟಾಪರ ಇಡಬೇಕು, ‘ಆ್ಯಂಡ್’ರ ಹಾಕಬೇಕು!"

"ವರ್ಷಾ ಹಿಂಗ ಹೋಗ್ತೈತ್ರಿ ಸರ. ಯಾರೂ ಏನೂ ಅಂದಿಲ್ಲ."

"ಎಂಟು ವರ್ಷದಿಂದ ಮಕ್ಕಳಿಗೆ ಇದನ್ನ ಕಲಸಾಕತ್ತೇನಿ. ನನ್ನ ಸಾಲಿಯಿಂದನ ಇಂಥಾದ್ದು ಹೋದ್ರ ನನ್ನ ಮಾನ ಏನಾಗಬೇಕು?"

ಆಟದ ಮಾಸ್ತರ ಮಲ್ಲೇಶ ಚಹಾ ಹೀರುತ್ತ ಉರಿಯುವ ಬೆಂಕಿಗೆ ತುಪ್ಪ ಸುರಿದರು. "ಬಿಡಬ್ಯಾಡ್ರಿ ಸರ, ತಿದ್ದೇ ಬಿಡ್ರಿ. ನಡುನಡುವ ಒಂದೊಂದು ಕಾಮಾ ಒಗೀರಿ, ಆತು."

"ಕಾಮಾ!" ದುಂಡೇಶ ಕುರ್ಚಿಯಿಂದ ಎದ್ದೇಬಿಟ್ಟರು. "ಎರಡು ಪೂರ್ತಿ ವಾಕ್ಯ ಬರೇ ಕಾಮಾಕ್ಕ ನಿಲ್ತಾವೇನ್ರಿ? ಎರಡು ಚಕ್ಕಡಿ ತಂದು ಹೊಲಿಗಿ ದಾರದಿಂದ ಕಟ್ಟಿಧಂಗ!"

ಒಂಬತ್ತನೆಯ ತರಗತಿಯವರು ಮಾಸ್ತರರಿಲ್ಲದೆ ಬೆಂಚುಗಳನ್ನು ಹೊರಗೆ ಸಾಗಿಸಿದರು. ದುಂಡೇಶರಿಗೆ ಆ ಗದ್ದಲ ಕೇಳಿಸಲಿಲ್ಲ. ಊಟದ ಡಬ್ಬಿಯನ್ನೂ ತೆರೆಯಲಿಲ್ಲ. ಕರ್ತೃ ಎಲ್ಲಿ, ಕ್ರಿಯಾಪದ ಎಲ್ಲಿ ಎಂದು ಹುಡುಕಿ ಹುಡುಕಿ ಕತ್ತರಿಸಿದರು. ಅರ್ಥದ ಕಡೆಗೆ ನೋಡಲು ಅವರಿಗೆ ಪುರಸೊತ್ತೇ ಇರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಇಪ್ಪತ್ತಾರು ಅಚ್ಚುಕಟ್ಟಾದ ವಾಕ್ಯಗಳು ಸಂಸ್ಥೆಯ ಬೆಳಗಾವಿ ಕಚೇರಿಗೆ ಹೋದವು.

ನಾಲ್ಕಕ್ಕೆ ಗಿರಿಜಾಬಾಯಿ ಫೋನ್ ಹಿಡಿದುಕೊಂಡೇ ಒಳಗೆ ಬಂದರು.

"ಸರ, ವರದಿ ಮುಟ್ಟಿದ್ದಿರೇನು?"

"ತಿದ್ದೇನ್ರಿ ಅಕ್ಕೋರ. ಈಗ ಯಾರು ಓದಿದ್ರೂ ಥಟ್ಟನ ತಿಳೀತೈತಿ."

"ತಿಳೀತು. ಸಂಸ್ಥೆಯ ಸೆಕ್ರೆಟರಿ ಫೋನ್ ಮಾಡಿದ್ರು. ಭಾಳ ಸ್ಪಷ್ಟ ಐತಿ ಅಂತ ಹೊಗಳಿದ್ರು. ಹದಿನೇಳನೇ ವಾಕ್ಯದಿಂದ ಜೋರಾಗಿ ಓದ್ರಿ."

ದುಂಡೇಶ ಠೀವಿಯಿಂದ ಓದತೊಡಗಿದರು. ಇಲ್ಲಿ ಇಂಗ್ಲಿಷ್ ಮಾಸ್ತರರು ಇಬ್ಬರಿದ್ದಾರೆ. ಕೆಲಸ ಒಬ್ಬರಿಗಷ್ಟೇ ಇದೆ. ಇಬ್ಬರಲ್ಲಿ ಕಿರಿಯರು ದುಂಡೇಶ. ಮೂರನೆಯ ಫುಲ್‌ಸ್ಟಾಪಿಗೆ ಬಂದವರೇ ಹಿಂದಿರುಗಿ ಆ ಮೂರೂ ವಾಕ್ಯಗಳನ್ನು ಮತ್ತೆ ಮೆಲ್ಲಗೆ ಓದಿದರು.

"ನನಗ ಸುಳ್ಳು ಬರಿಯಾಕ ಬರೂದಿಲ್ಲ," ಎಂದರು ಗಿರಿಜಾಬಾಯಿ. "ಖರೇ ಬರದ್ರ ನೀವು ಹೋಗಬೇಕಾಕ್ಕೈತಿ. ಮೊನ್ನೆರ ಮನಿ ಕಟ್ಟಿಸೀರಿ. ಅದಕ್ಕ ಮೂರು ವರ್ಷದಿಂದ ಯಾರಿಗೂ ತಿಳೀಬಾರದಂಗ ಬರೀತಿದ್ದೆ. ಸೆಕ್ರೆಟರಿ ನಿಮ್ಮನ್ನ ವರ್ಗಾ ಮಾಡ್ಯಾರ, ನಾಳೆಯಿಂದ ನೀವು ಉಳವಿ ಕಡೆ ಕಾಡಿನ ಸಾಲಿಗ್ರಿ."

"ಅನ್ಯಾಯ!" ದುಂಡೇಶರ ಮುಖ ಕೆಂಪಾಯಿತು. "ಈಗಿಂದೀಗ ಸೆಕ್ರೆಟರಿಗೆ ತಕರಾರು ಬರೀತೇನಿ!"

ಗಿರಿಜಾಬಾಯಿ ಥಟ್ಟನೆ ಅವರ ಕೈಯಿಂದ ಪೆನ್ನು ಕಸಿದುಕೊಂಡರು.

"ಕೈ ಮುಗೀತೇನ್ರಿ ಸರ, ನೀವು ಮಾತ್ರ ಬರೀಬ್ಯಾಡ್ರಿ!"