ಭಜನೆ ಕಡಿದ ಪದವೀಧರ

ನಮ್ಮ ಕುಟುಂಬಕ್ಕೆ ಮೊದಲ ಪದವಿ ತಂದವನು ನಾನು. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ಸಂಜೆ ಕಾಲೇಜಿಗೆ ಹೋಗಿ ಬಿ.ಕಾಂ. ಮುಗಿಸಿದವನು. ಅಂಥವನಿಗೆ ಹಾರ್ಮೋನಿಯಂ ಯಾವ ಲೆಕ್ಕ? ಪುಸ್ತಕ ತರಿಸಿದೆ, ಸ್ವರ ಬರೆದುಕೊಂಡೆ, ಆರು ತಿಂಗಳಲ್ಲಿ ಕಲಿತೆ! ಕಲಿತೆ ಎಂಬುದು ನನ್ನೊಬ್ಬನ ಹೇಳಿಕೆ.

ಕಾಪುವಿನ ನಮ್ಮ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರು ಮುಂಬೈಗೆ ಹೋದದ್ದರಿಂದ ಆ ಜಾಗ ಖಾಲಿಯಿತ್ತು. ಕಾರ್ಕಳದ ಏಕಾಹ ಭಜನೆಯಲ್ಲಿ ಸರಿಯಾಗಿ ನುಡಿಸಿದರೆ ಜಾಗ ನನಗೇ ಕಾಯಂ ಎಂದು ಮುಖ್ಯ ಹಾಡುಗಾರ ಸದಾನಂದಣ್ಣ ಹೇಳಿದ್ದರು. ಜೊತೆಗೊಂದು ಸಲಹೆಯನ್ನೂ ಕೊಟ್ಟರು. ಪ್ರತಿ ಭಾನುವಾರ ಪೆರ್ಡೂರಿನ ಸುಜಾತಕ್ಕನ ಮನೆಯಲ್ಲಿ ನಾಲ್ಕು ಮಂಡಳಿಗಳ ಹಾರ್ಮೋನಿಯಂನವರು ಸೇರುತ್ತಾರಂತೆ. ಒಬ್ಬರು ನುಡಿಸಿದ್ದನ್ನು ಇನ್ನೊಬ್ಬರು ಕೇಳಿ ತಿದ್ದಿಕೊಳ್ಳುತ್ತಾರಂತೆ. ನಾನೂ ಹೋಗಬೇಕಂತೆ.

ಸುಜಾತಕ್ಕ ಬೀಡಿ ಕಟ್ಟುವವರು. ಓದಿದ್ದು ಆರನೇ ಕ್ಲಾಸು. ಬರೆದ ಸ್ವರ ನೋಡಿ ನುಡಿಸಲು ಬಾರದು. ಅವರಿಂದ ಪದವೀಧರನೊಬ್ಬ ಕಲಿಯುವುದಾದರೂ ಏನನ್ನು ಎಂದು ಹೆಂಡತಿ ವನಿತಾಳ ಮುಂದೆ ಗಂಭೀರವಾಗಿ ಪ್ರಶ್ನಿಸಿದೆ.

ಅವಳು ಬಂಗುಡೆ ಮೀನು ತೊಳೆಯುತ್ತಲೇ ಹೇಳಿದಳು, "ಯಾರು ಎಷ್ಟು ಓದಿದ್ದಾರೆ ಅಂತ ಹಾರ್ಮೋನಿಯಂ ಕೇಳ್ತದಾ?"

ಇಂಥ ಪ್ರಶ್ನೆಗಳಿಗೆ ಉತ್ತರಿಸುವುದು ನನ್ನ ಘನತೆಗೆ ತಕ್ಕದ್ದಲ್ಲವೆಂದು ಹಾರ್ಮೋನಿಯಂ ಮುಂದೆ ಹೋಗಿ ಕೂತೆ. ಪೆರ್ಡೂರಿಗಂತೂ ಹೋಗಲಿಲ್ಲ.

ಏಕಾಹವೆಂದರೆ ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ಭಜನೆ ಒಂದು ಕ್ಷಣವೂ ಕಡಿಯಬಾರದು. ಒಂದು ಮಂಡಳಿ ಏಳುವ ಮೊದಲೇ ಮುಂದಿನದು ಬಂದು ಕೂತು, ಹಾಡು ನಡೆಯುತ್ತಿರುವಾಗಲೇ ತಾಳ, ತಬಲ, ಹಾರ್ಮೋನಿಯಂ ಒಂದೊಂದಾಗಿ ಕೈ ಬದಲಾಗಬೇಕು. ಮಧ್ಯಾಹ್ನ ಮೂರಕ್ಕೆ ನಮ್ಮ ಸರದಿ. ನಮಗಿಂತ ಮೊದಲು ಕೂತದ್ದು ಪೆರ್ಡೂರಿನವರು.

ಸುಜಾತಕ್ಕ ನುಡಿಸುತ್ತಲೇ ಸ್ವಲ್ಪ ಸರಿದು ನನಗೆ ಜಾಗ ಕೊಟ್ಟರು. "ಶ್ರುತಿ ಕಪ್ಪು ಎರಡು ಅಣ್ಣ. ನನ್ನ ಬೆರಳು ನೋಡಿ, ಹಾಗೇ ಮುಂದುವರಿಸಿ" ಎಂದು ಪಿಸುಗುಟ್ಟಿದರು. ಹಾಡು ಎರಡನೆಯ ಕಪ್ಪು ಮನೆಯ ಶ್ರುತಿಯಲ್ಲಿ ನಡೆಯುತ್ತಿದೆ ಎಂದರ್ಥ.

ನಾನು ಬೆರಳು ನೋಡಲಿಲ್ಲ. ಸ್ವರ ಬರೆದುಕೊಂಡಿದ್ದ ಕಾಗದ ನೋಡಿದೆ. ಕಾಗದದಲ್ಲಿ ಬಿಳಿ ಒಂದು ಎಂದಿತ್ತು, ಅಂದರೆ ಇನ್ನೂ ತಗ್ಗಿನ ಶ್ರುತಿ. ಲಿಖಿತ ದಾಖಲೆಯ ಮುಂದೆ ಬಾಯಿಮಾತಿಗೆ ಬೆಲೆಯುಂಟೇ? ಬಿಳಿ ಒಂದನ್ನೇ ಒತ್ತಿದೆ!

ಅದಾಗಲೇ ಹಾಡು ಎತ್ತಿಕೊಂಡಿದ್ದ ಸದಾನಂದಣ್ಣ ನನ್ನ ಶ್ರುತಿಯನ್ನು ಹುಡುಕುತ್ತಾ ಕೆಳಗಿಳಿದರು. ಬಾವಿಗಿಳಿದ ಕೊಡಪಾನದಂತೆ ಅವರ ಸ್ವರ ಎಲ್ಲೋ ತಳ ತಟ್ಟಿತು. ಹಿಂದೆ ಹಾಡುವವರೂ ಇಳಿದರು. ಅಷ್ಟರಲ್ಲಿ ನನ್ನ ಪುಟ ಮುಗಿಯಿತು. ಬಲಗೈ ಸ್ವರದ ಮೇಲೆ, ಎಡಗೈ ತಿದಿಯ ಮೇಲೆ. ಪುಟ ತಿರುವಲು ಮೂರನೆಯ ಕೈ ಬೇಕೆಂದು ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ. ತಿದಿ ಬಿಟ್ಟು ಪುಟ ತಿರುವಿದೆ. ಹಾರ್ಮೋನಿಯಂನ ಗಾಳಿ ಹೋಯಿತು. ಬಾವಿಯಲ್ಲಿದ್ದವರು ಹಿಡಿದುಕೊಂಡಿದ್ದ ಹಗ್ಗವೇ ಅದು.

ಭಜನೆ ಕಡಿಯಿತು.

ಅಡುಗೆಯವರು ಸೌಟು ಹಿಡಿದು ಹೊರಗೆ ಬಂದು, ಇಷ್ಟು ಬೇಗ ಮುಗಿಯಿತೇ ಎಂದು ವಿಚಾರಿಸಿದರು. ಇನ್ನೂ ಹದಿನೈದು ಗಂಟೆ ಬಾಕಿಯಿತ್ತು.

ಎದ್ದು ನಿಂತಿದ್ದ ಸುಜಾತಕ್ಕ ನನ್ನೆದುರೇ ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಲ್ಲಿ ತಿದಿ ಒತ್ತುತ್ತಾ, ಆಚೆ ಬದಿಯಿಂದಲೇ ಇನ್ನೊಂದು ಕೈ ಚಾಚಿ, ತಲೆಕೆಳಗಾಗಿ ಕಾಣುತ್ತಿದ್ದ ಸ್ವರಗಳ ಮೇಲೆ ಕಪ್ಪು ಎರಡನ್ನು ಹಿಡಿದು ಗೋವಿಂದನ ನಾಮ ಎತ್ತಿದರು. ಇಡೀ ಮಂದಿರ ಅವರ ಹಿಂದೆ ಹಾಡಿತು. ನಾನು ಕಾಗದ ಜೋಡಿಸಿದೆ.

ಕಾರ್ಕಳದಿಂದ ಕಾಪುವಿನವರೆಗೆ ಟೆಂಪೊದಲ್ಲಿ ಯಾರೂ ನನಗೆ ಬಯ್ಯಲಿಲ್ಲ. ಬಯ್ಯಲು ಮಾತಾಡಬೇಕಲ್ಲ! ಇಳಿಯುವಾಗ ಸದಾನಂದಣ್ಣ ಮಾತ್ರ ಹೆಗಲ ಮೇಲೆ ಕೈಯಿಟ್ಟರು.

"ನಿಮ್ಮದು ಎಂತ ತಪ್ಪೂ ಇಲ್ಲ ಮಾರಾಯ್ರೆ. ನೀವು ಕಾಗದದಲ್ಲಿ ಇದ್ದ ಹಾಗೇ ನುಡಿಸಿದಿರಿ. ನಾವು ಕಾಗದದಲ್ಲಿ ಇದ್ದ ಹಾಗೆ ಹಾಡಲಿಲ್ಲ."

ಕಾಯಂ ಜಾಗ ನಮ್ಮ ತಾಳದವನ ಪಾಲಾಯಿತು. ಅವನು ಮೊದಲಿನಿಂದಲೂ ಪೆರ್ಡೂರಿಗೆ ಹೋಗುತ್ತಿದ್ದನಂತೆ.

ಈಗ ನಾನೂ ಹೋಗುತ್ತೇನೆ. ಮೊದಲ ಭಾನುವಾರ ಸುಜಾತಕ್ಕ ಬರೀ ಕೇಳಿ ಎಂದರು. ಎರಡನೆಯ ಭಾನುವಾರ ತಿದಿ ಒತ್ತಲು ಕೊಟ್ಟರು. ಅವರು ನುಡಿಸುತ್ತಾರೆ, ನಾನು ಗಾಳಿ ಹಾಕುತ್ತೇನೆ. ತಿಂಗಳು ಎರಡಾಯಿತು. ಮೊನ್ನೆ ಎಲ್ಲರ ಎದುರು ನನ್ನ ಎಡಗೈ ತುಂಬಾ ಸುಧಾರಿಸಿದೆ ಎಂದು ಹೊಗಳಿದರು. ಬಲಗೈಯ ಸುದ್ದಿ ಅವರು ಎತ್ತಲಿಲ್ಲ. ನಾನೂ ಕೇಳಲಿಲ್ಲ.