ಮದುವೆಮನೆಯಲ್ಲಿ ನಾನು ಕೊಟ್ಟ ಇಂಟರ್‌ವ್ಯೂ

ನಾನು ಪುತ್ತೂರಿನಲ್ಲಿ ಎಂಬಿಎ ಓದುತ್ತಿದ್ದಾಗ ನಮಗೆ ವೃತ್ತಿ ಮಾರ್ಗದರ್ಶನ ಮಾಡುತ್ತಿದ್ದ ಸರ್ ಒಂದು ದಿನ ಮೇಜು ಕುಟ್ಟಿ ಹೇಳಿದರು. "ಕೆಲಸ ಸಿಗುದು ಪೇಪರಿನಲ್ಲಿ ಅಲ್ಲ, ಜನರ ನಡುವೆ! ಬಸ್ಸು, ಹೋಟ್ಲು, ಮದುವೆ, ಎಲ್ಲಿ ಹೋದ್ರೂ ಪರಿಚಯ ಮಾಡ್ಕೊಳ್ಳಿ. ಅವರು ಕೇಳುವ ಮೊದಲೇ ನಿಮ್ಮ ಬಗ್ಗೆ ನೀವೇ ಹೇಳಿ!"

ಇಡೀ ತರಗತಿಯಲ್ಲಿ ಈ ಉಪದೇಶವನ್ನು ಶಿರಸಾ ವಹಿಸಿ ಸ್ವೀಕರಿಸಿದವಳು ನಾನೊಬ್ಬಳೇ. ಅದಕ್ಕೆ ಕಾರಣವಿತ್ತು. ಎಲ್ಲರಿಗೂ ಎರಡು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತ್ತು, ನನಗೆ ಮಾತ್ರ ಇಲ್ಲ. ಅದಿಲ್ಲದೆ ಪರೀಕ್ಷೆಗೆ ಕೂರುವಂತಿರಲಿಲ್ಲ.

ಆ ಭಾನುವಾರ ಕಾಣಿಯೂರಿನಲ್ಲಿ ಅತ್ತೆಯ ಮಗನ ಮದುವೆ. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಬ್ಯಾಗಿಗೆ ರೆಸ್ಯೂಮಿನ ಪ್ರತಿಗಳನ್ನು ತುರುಕಿಕೊಂಡೆ.

"ಮದುವೆಗೆ ಎಂತ ಕಾಗದ ಅದು?" ಅಮ್ಮ ಕೇಳಿದರು.

"ನೆಟ್‌ವರ್ಕಿಂಗ್‌ಗೆ."

"ಆ ಹಾಲ್‌ನಲ್ಲಿ ನೆಟ್‌ವರ್ಕ್ ಸಿಗುದಿಲ್ಲ ಮಾರಾಯ್ತಿ!"

ಹಾಲ್‌ನ ಮೂಲೆಯಲ್ಲಿ, ಫ್ಯಾನಿನ ಕೆಳಗೆ, ಒಬ್ಬರು ಕೋಟು ಹಾಕಿ ಕುಳಿತಿದ್ದರು. ಮದುಮಗನೇ ಬೆವರಿ ಒದ್ದೆಯಾಗಿದ್ದ ಮೇ ತಿಂಗಳ ಸೆಕೆಯಲ್ಲಿ ಕೋಟು! ಇವರು ಉದ್ಯಮಿಯೇ ಸರಿ ಎಂದು ಅತ್ತೆಯನ್ನು ವಿಚಾರಿಸಿದೆ.

"ಅವರಾ? ಸುಳ್ಯದ ಜಯರಾಮಣ್ಣ. ಗೇರುಬೀಜದ ಫ್ಯಾಕ್ಟರಿ ಉಂಟು. ಈಗ ಅವರು…"

ಅತ್ತೆಯ ಮಾತು ಮುಗಿಯುವಷ್ಟರಲ್ಲಿ ನಾನು ಫ್ಯಾನಿನ ಕೆಳಗಿದ್ದೆ.

"ನಮಸ್ಕಾರ ಸರ್. ನಾನು ಶ್ರಾವ್ಯ, ಕೆದಂಬಾಡಿಯವಳು. ಎಂಬಿಎ ಮಾಡ್ತಾ ಇದ್ದೇನೆ. ಯಾವ ವಾತಾವರಣಕ್ಕೂ ಹೊಂದಿಕೊಳ್ತೇನೆ. ನಿಮ್ಮಲ್ಲಿ ಒಂದು ಅವಕಾಶ ಸಿಕ್ಕಿದ್ರೆ ನನ್ನ ಭಾಗ್ಯ!"

ರೆಸ್ಯೂಮನ್ನು ಎರಡೂ ಕೈಯಲ್ಲಿ ಒಪ್ಪಿಸಿದೆ. ಅದರಲ್ಲಿ ನನ್ನ ಫೋಟೋ, ತಂದೆಯ ಹೆಸರು, ಹುಟ್ಟಿದ ದಿನ, ಎತ್ತರ, ಎಲ್ಲ ಇತ್ತು. ಓದುತ್ತ ಓದುತ್ತ ಅವರ ಮುಖ ಅರಳಿತು.

"ಸುಜಾತಾ, ಬೇಗ ಇಲ್ಲಿ ಬಾ!" ಎಂದು ಹೆಂಡತಿಯನ್ನು ಕರೆದರು.

ಇವರು ಪಾಲುದಾರರಿರಬೇಕು ಎಂದುಕೊಂಡು ಅವರಿಗೂ ಕೈಮುಗಿದೆ. ಅವರು ನನ್ನನ್ನು ಮಲ್ಲಿಗೆಯಿಂದ ಚಪ್ಪಲಿಯವರೆಗೆ ನೋಡಿ, "ಅಡುಗೆ ಬರ್ತದಾ?" ಎಂದರು.

ಆಹಾ! ಅನಿರೀಕ್ಷಿತ ಪ್ರಶ್ನೆ ಕೇಳಿ ಅಭ್ಯರ್ಥಿಯನ್ನು ಗಲಿಬಿಲಿಗೊಳಿಸುವ ತಂತ್ರ! ಸರ್ ಇದನ್ನೂ ಹೇಳಿಕೊಟ್ಟಿದ್ದರು.

"ಕಲಿಯುವ ಉತ್ಸಾಹ ಉಂಟು ಮೇಡಂ."

"ನಿಮ್ಮ ಕಡೆಯಿಂದ ಎಂತ ನಿರೀಕ್ಷೆ?" ಜಯರಾಮಣ್ಣ ಕೇಳಿದರು.

"ಹಣ ಎಂತದೂ ಬೇಡ ಸರ್."

"ನಮಗೂ ಎಂತದೂ ಬೇಡ ಮಗಾ!" ಅವರ ಕಣ್ಣು ತುಂಬಿ ಬಂತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ! ಅನುಭವವನ್ನು ಹೇಳದೆ ಮಾತು ಮುಗಿಸಬಾರದು ಎಂಬ ನಿಯಮವಿತ್ತಲ್ಲ.

"ನನಗೆ ಅನುಭವವೂ ಉಂಟು ಸರ್. ಹಿಂದೆ ಮಂಗಳೂರಿನಲ್ಲಿ ಒಂದು ಕಡೆ ಒಂದು ತಿಂಗಳು ಇದ್ದೆ. ತುಂಬಾ ಹೊಗಳಿ ಕಳಿಸಿದ್ರು."

ಸುಜಾತಕ್ಕನ ಕೈಯಲ್ಲಿದ್ದ ಶರಬತ್ತಿನ ಲೋಟ ಬಾಯಿಯ ಹತ್ತಿರವೇ ನಿಂತಿತು. "ಒಂದು… ತಿಂಗಳಾ?"

ಕಡಿಮೆಯಾಯಿತೆಂದು ಅವರಿಗೆ ಬೇಸರವಾಗಿರಬೇಕು!

"ನಿಮ್ಮಲ್ಲಿ ಎರಡು ತಿಂಗಳು ಇರ್ತೇನೆ ಮೇಡಂ. ಮತ್ತೆ ಒಂದು ಸರ್ಟಿಫಿಕೇಟ್ ಕೊಟ್ಟು ಕಳಿಸಿದ್ರೆ ಸಾಕು. ಬೇರೆ ಎರಡು ಕಡೆಯೂ ಮಾತುಕತೆ ನಡೀತಾ ಉಂಟು. ಆದ್ರೆ ನಿಮಗೆ ಹಿಡಿಸಿ ಉಳಿಸಿಕೊಂಡ್ರೆ, ಐದು ವರ್ಷದೊಳಗೆ ನಿಮ್ಮ ಆಡಳಿತ ಪೂರ್ತಿ ನನ್ನ ಕೈಗೆ ಬರ್ಬೇಕು ಅಂತ ಗುರಿ!"

"ಆಗ ನಮ್ಮನ್ನು ಎಲ್ಲಿಗೆ ಕಳಿಸ್ತಿ?"

"ನಿಮಗೆ ಗೌರವಯುತ ನಿವೃತ್ತಿ ಮೇಡಂ!"

ಸುಜಾತಕ್ಕ ಕುರ್ಚಿಗೆ ಒರಗಿದರು. ಅಷ್ಟರಲ್ಲಿ ಅಮ್ಮ ಓಡಿ ಬಂದರು. ಹಿಂದಿನಿಂದ ಅತ್ತೆ.

"ಎಂತ ಹುಡುಗಿ ಮಾರಾಯ್ರೆ ಇದು!" ಸುಜಾತಕ್ಕ ಏದುಸಿರು ಬಿಟ್ಟರು. "ಎರಡು ತಿಂಗಳಿಗೆ ಮದುವೆ ಆಗ್ತಾಳಂತೆ! ಮಂಗಳೂರಲ್ಲಿ ಒಂದು ಆಗಿದೆಯಂತೆ!"

"ಮದುವೆಯಾ?" ಎಂದು ನಾನು ಕಿರುಚಿದೆ.

ಅತ್ತೆ ಹಣೆ ಚಚ್ಚಿಕೊಂಡರು. "ಅವರು ಮಗನಿಗೆ ಹುಡುಗಿ ಹುಡುಕ್ತಾ ಇದ್ದಾರೆ ಅಂತ ನಾನು ಹೇಳುವಷ್ಟರಲ್ಲಿ ನೀನು ಓಡಿಯಾಗಿದೆ!"

ಆ ಮಗ ಪಕ್ಕದಲ್ಲೇ ಐಸ್‌ಕ್ರೀಮ್ ತಿನ್ನುತ್ತ ನಿಂತಿದ್ದ. ತಂದೆಯ ಕೈಯಲ್ಲಿದ್ದ ಕಾಗದವನ್ನು ಇಣುಕಿ ನೋಡಿ, "ಅಪ್ಪಾ, ಇದು ರೆಸ್ಯೂಮ್. ಇವರು ಕೇಳಿದ್ದು ಇಂಟರ್ನ್‌ಶಿಪ್," ಎಂದ. ಆಮೇಲೆ ನಗಲಿಕ್ಕೆ ಹೋಗಿ ಐಸ್‌ಕ್ರೀಮ್ ನೆತ್ತಿಗೇರಿ ಕೆಮ್ಮಿದ. ಸುತ್ತಮುತ್ತಲಿನ ಕುರ್ಚಿಗಳೆಲ್ಲ ನಮ್ಮ ಕಡೆ ತಿರುಗಿದವು. ಮಂಟಪದಲ್ಲಿದ್ದ ಮದುಮಗಳೂ ಕತ್ತು ಉದ್ದ ಮಾಡಿ ನೋಡುತ್ತಿದ್ದಳು!

ಮಾನ ಹೇಗೂ ಹೋಗಿತ್ತು. ಪರೀಕ್ಷೆಯಾದರೂ ಉಳಿಯಲಿ ಎಂದು ಕೇಳಿಯೇಬಿಟ್ಟೆ. "ಹಾಗಾದ್ರೆ ಸರ್… ಇಂಟರ್ನ್‌ಶಿಪ್?"

"ಬೇಡ ಮಗಾ," ಜಯರಾಮಣ್ಣ ರೆಸ್ಯೂಮನ್ನು ಜಾಗ್ರತೆಯಿಂದ ಮಡಚಿ ವಾಪಸು ಕೊಟ್ಟರು. "ನನಗೆ ಇನ್ನೂ ನಿವೃತ್ತಿ ಆಗುವ ಪ್ರಾಯ ಆಗ್ಲಿಲ್ಲ."

ಎರಡು ದಿನ ಬಿಟ್ಟು ಸುಜಾತಕ್ಕ ಅತ್ತೆಯ ಮೂಲಕ ಹೇಳಿ ಕಳಿಸಿದರಂತೆ: ಹುಡುಗಿ ಒಳ್ಳೆಯವಳೇ, ಆದರೆ ನಮ್ಮ ಮನೆಗೆ ಸ್ವಲ್ಪ ಹೆಚ್ಚಾಯಿತು.

ಕಡೆಗೆ ಪುತ್ತೂರಿನ ದರ್ಬೆಯಲ್ಲಿರುವ ಒಂದು ಹಾಸಿಗೆ ಅಂಗಡಿಯಲ್ಲಿ ಇಂಟರ್ನ್‌ಶಿಪ್ಪಿಗೆ ಅವಕಾಶವಿದೆಯೆಂದು ತಿಳಿದು ಓಡಿದೆ. ಈ ಸಲ ಬಾಯಿ ಬಿಗಿ ಹಿಡಿದು ಕುಳಿತೆ. ಮಾಲೀಕರು ಕೇಳಿದ್ದು ಒಂದೇ ಪ್ರಶ್ನೆ.

"ಮದುವೆ ಗಿದುವೆ ಎಂತಾದ್ರೂ ಉಂಟಾ? ನಡುವಲ್ಲಿ ಬಿಟ್ಟು ಹೋಗ್ಬಾರ್ದು."

"ಇಲ್ಲ ಸರ್," ಎಂದೆ ಆತ್ಮವಿಶ್ವಾಸದಿಂದ. "ಆ ಹುದ್ದೆಗೆ ಅರ್ಜಿ ಹಾಕುವ ಮೊದಲೇ ನಾನು ಫೇಲು!"